ತತ್ತಿ ಗಾಡಿ

ಇನ್ನೂರು ಟ್ರೇ. ಒಂದೊಂದರಾಗ ಮೂವತ್ತು.
ಲೆಕ್ಕ ನೀವ ಹಾಕ್ರಿ, ನನಗ ಪುರುಸೊತ್ತಿಲ್ಲ,
ಕಣ್ಣು ರಸ್ತೆ ಮ್ಯಾಲಿಂದ ತಗದೆ ಅಂದ್ರ
ಒಂದು ಟ್ರೇ ಹೋತು.

ಹುಬ್ಬಳ್ಳಿ ಬಿಟ್ಟಾಗ ನಸಕು ನಾಕೂವರಿ.
ಹಗ್ಗ ಬಿಗದು, ಮ್ಯಾಲ ಹಳೇ ಕೌದಿ ಹೊಚ್ಚಿ
ಬಾಣಂತೀನ ತವರಿಂದ ಕರಕೊಂಡು ಬಂದಂಗ
ಹೊಂಟೇನಿ ಗದಗಿಗೆ.

ಊರು ದಾಟೂದರಾಗ ಮೊದಲನೇ ತಗ್ಗು.
ಇದಕ್ಕ ನಾ ಸಾಹುಕಾರ ಅಂತೇನಿ:
ಅಗಲಾಗಿ ಕುಂತಾನ, ಯಾರು ಬಂದರೂ ಸರಿಯೂದಿಲ್ಲ.
ಶಿರಗುಪ್ಪಿ ದಾಟಿದ ಮ್ಯಾಲಿಂದು ಅಳಿಯ.
ವರ್ಷಕ್ಕ ಎರಡು ಸಲ ಹೊಸಾ ಡಾಂಬರು ಉಡಸ್ತಾರ,
ತಿಂಗಳದಾಗ ಹರಕೊಂಡು ಮತ್ತ ಬಾಯಿ ತಗೀತಾನ.
ಭಂಡಿವಾಡದ ಹಂತೇಕ ಜೋಡಿ ತಗ್ಗು,
ಒಂದು ತಪ್ಪಿಸಿದರ ಇನ್ನೊಂದು ಕಾದಿರತೈತಿ,
ಅವಕ್ಕ ಹುಬ್ಬಳ್ಳಿ-ಧಾರವಾಡ ಅಂತ ಹೆಸರಿಟ್ಟೇನಿ.

ಮಳಿ ಆದ ಮರುದಿನ ಮಾತ್ರ
ಯಾವ ತಗ್ಗಿನ ಗುರುತೂ ಹತ್ತೂದಿಲ್ಲ.
ನೀರು ತುಂಬಕೊಂಡು, ಆಕಾಶ ತೋರಿಸ್ಕೋತ
ಸಂಭಾವಿತರಂಗ ಮಲಗಿರತಾವ.
ಗೇಣು ಆಳನೋ ಮೊಣಕಾಲು ಆಳನೋ
ಇಳದ ಮ್ಯಾಲ ತಿಳೀಬೇಕು.

'ನಿಧಾನವಾಗಿ ಚಲಿಸಿ, ಕಾಮಗಾರಿ ಪ್ರಗತಿಯಲ್ಲಿದೆ.'
ಮೂರು ವರ್ಷಾತು ಆ ಬೋರ್ಡಿಗೆ.
ಬಿಸಲಿಗೆ 'ಪ್ರಗತಿ' ಅಳಿಸಿ ಹೋಗೇತಿ,
'ನಿಧಾನ' ಇನ್ನೂ ಗಟ್ಟಿ ಐತಿ.
ಟೋಲ್ ನಾಕಾದ ಮುಂದ ನೂರು ಹೆಜ್ಜಿ ಅಷ್ಟ
ರಸ್ತೆ ಕನ್ನಡಿ ಇದ್ದಂಗ.
ರೊಕ್ಕ ಎಣಸೂ ಮುಂದ ಕೈ ಅಲಗಾಡಬಾರದಲ್ಲ.

ಒಮ್ಮೆ ಚಹಾದಂಗಡ್ಯಾಗ ಒಬ್ಬ ಇಂಜಿನಿಯರ್ ಸಿಕ್ಕಿದ್ದ.
'ತಪ್ಪು ನೆಲದ್ದು' ಅಂದ. 'ಎರಿ ಮಣ್ಣು ನೋಡು,
ಮಳಿಗೆ ಉಬ್ಬತೈತಿ, ಬ್ಯಾಸಗಿಗೆ ಬಿರೀತೈತಿ.'
ಅಲ್ರೀ ಸಾಹೇಬ್ರ, ಇದ ಮಣ್ಣಾಗ
ನಮ್ಮಪ್ಪ ಕಡ್ಲಿ ಬೆಳದ, ಅವರಪ್ಪ ಹತ್ತಿ ಬೆಳದ,
ಅದು ಉಬ್ಬೂದು ಬಿರಿಯೂದು ಕೂಸಿಗೂ ಗೊತ್ತೈತಿ,
ನಿಮ್ಮ ಎಸ್ಟಿಮೇಟಿಗೆ ಯಾರೂ ಹೇಳಲಿಲ್ಲೇನು?
ಅಂವ ಏನೂ ಅನ್ನದ ಎದ್ದ.
ತನ್ನ ಚಹಾದ ರೊಕ್ಕ ಕೊಟ್ಟ, ನಂದೂ ಕೊಟ್ಟ.
ಇಲ್ಲೀತನಕ ನನಗ ಸಿಕ್ಕ ಪರಿಹಾರ ಅದೊಂದ.

ಗದಗಿನಾಗ ಕಳಕಪ್ಪ ಬಲ್ಬಿನ ಕೆಳಗ ಟ್ರೇ ಇಳಿಸಿ
ಒಡದದ್ದು ಬ್ಯಾರೆ, ಬಿರದದ್ದು ಬ್ಯಾರೆ ಮಾಡತಾನ.
'ಗುದ್ನೆಪ್ಪ, ನೂರಾ ಹದಿನೇಳು' ಅಂತಾನ.
ನನ್ನ ಬಾಡಿಗ್ಯಾಗ ಮುರಕೊಂತಾನ.
ರಸ್ತೆ ಮಾಡಿದಂವನ ಬಿಲ್ಲಿನಾಗ
ಯಾರರೆ ಒಂದು ತತ್ತಿ ಮುರಕೊಂಡಾರ?

ಬಿರದದ್ದು ಹೋಗೂದು ಬಸ್‌ಸ್ಟ್ಯಾಂಡ್ ಬಾಜೂಕ
ದಾವಲಸಾಬನ ಆಮ್ಲೆಟ್ ಗಾಡಿಗೆ.
'ರಸ್ತೆ ಚಲೋ ಆತಂದ್ರ ನನ್ನ ಅಂಗಡಿ ಬಂದ್ ನೋಡಪಾ' ಅಂತ ನಗತಾನ,
ಅರ್ಧಾ ರೇಟಿಗೆ ತೊಗೊಂಡದ್ದನ್ನ
ನನಗ ಪೂರಾ ರೇಟಿಗೆ ಮಾರತಾನ.
ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ,
ಹಂಚಿನ ಮ್ಯಾಲ ಚೊರ್ ಅನ್ನೂ ಸಪ್ಪಳ.
ಈ ತುತ್ತು ಸಾಹುಕಾರಂದು.
ಇದು ಅಳಿಯಂದು.
ಹಲ್ಲಾಗ ಸಿಪ್ಪಿ ಚೂರು ಕರ್ ಅಂತು,
ಖಡಿ ಅನಿಸ್ತು.

ಹೋದ ವಾರ ಯಾರೋ ದೊಡ್ಡವರು ಬರತಾರಂತ
ಅಣ್ಣಿಗೇರಿ ದಾಟಿ ಅರ್ಧ ಕಿಲೋಮೀಟರ್
ರಾತ್ರೋರಾತ್ರಿ ಹೊಸಾ ಡಾಂಬರು.
ಈಗಷ್ಟ ಮೈ ತೊಳದ ಎಮ್ಮಿಯಂಗ
ಕರ್ರಗ ಮಿಂಚತಿತ್ತು ನನ್ನ ಲೈಟಿಗೆ.
ಮುಂದಿನ ಲಾರಿ ಬುರ್ರಂತ ಹಾರಿ ಹೋತು.
ನನ್ನ ಕಾಲು, ಕೇಳದ ಕೆಳದ, ಬ್ರೇಕ್ ಒತ್ತಿತು.
ಎರಡನೇ ಗೇರಿನಾಗ, ಕಿವಿ ಹಿಂದಕ್ಕ ಇಟ್ಟು,
ಕತ್ತಲಿ ಮನ್ಯಾಗ ಗ್ವಾಡಿ ಹಿಡದು ನಡದಂಗ ದಾಟಿದೆ.
ಆರು ಸಾವಿರದಾಗ ಒಂದೂ ಮಿಸುಕಲಿಲ್ಲ.
ಅಷ್ಟು ಸುಮ್ಮನಿದ್ದದ್ದಕ್ಕ ಬೆವರು ಬಂತು.

ಆಮ್ಯಾಲ ಡಾಂಬರು ಮುಗೀತು.
ದಡ್.
'ಹಾಂ, ಅದೀ ಹೌದಿಲ್ಲೋ ಮಗನ!' ಅಂದೆ,
ಮೂರನೇ ಗೇರು ಹಾಕಿದೆ.