ಬಂಗುಡೆ ಗೆರೆ

ಪಡುಪಣಂಬೂರಿನಿಂದ ಬಜ್ಪೆಗೆ, ಬಜ್ಪೆಯಿಂದ ಫ್ರಾಂಕ್‌ಫರ್ಟಿಗೆ
ಹೋದದ್ದು ಮೆಲಿಟಾ, ಎರಡು ಸೂಟ್‌ಕೇಸು, ಸಾಲ ತಂದ ಸ್ವೆಟರು.
ಹದಿನಾಲ್ಕು ಮೇಜುಹಾಸು, ಆರು ಪರದೆ,
ದಿಂಬಿನ ಚೀಲ ಎಷ್ಟೆಂದು ಎಣಿಸಿ ಬರೆದವಳು ನಾನು,
ಸಂಘದ ಲೆಕ್ಕದವಳು,
ಮಗ್ಗದ ಗುಂಡಿಗೆ ಒಮ್ಮೆಯೂ ಕಾಲಿಳಿಸಿದವಳಲ್ಲ.

ಬಣ್ಣಕ್ಕೆಲ್ಲ ನಂಬರು ಬೇಕೆಂದಿದ್ದರು ಮೇಳದವರು.
ಜಲಜಕ್ಕನ ಹತ್ತಿರ ನಂಬರಿಲ್ಲ.
ಅಬ್ಬಲಿಗೆ. ಬಸಳೆ ಹಣ್ಣು ಹಿಂಡಿದ್ದು.
ನೀರು ಜಾಸ್ತಿಯಾದ ಪುನರ್ಪುಳಿ ಶರಬತ್ತು.
ಬಂಗುಡೆಯ ಬೆನ್ನು.
ಆ ಬೆನ್ನಿಗಾಗಿ ರಾತ್ರಿ ಹತ್ತರವರೆಗೆ ಪಟ್ಟಿ ಹುಡುಕಿದೆ.
ಹತ್ತಿರದ್ದೊಂದು ಸಿಕ್ಕಿತು, ತೋರಿಸಿದೆ.
"ಇದು ಐಸಿನಲ್ಲಿಟ್ಟು ನಾಲ್ಕು ದಿನವಾದ ಬಂಗುಡೆ" ಎಂದಳು,
"ಹೋಗಲಿ, ಬರಿ."

ಮೇಜುಹಾಸು! ಆ ಶಬ್ದಕ್ಕೇ ನಗು ನಮ್ಮ ಶೆಡ್ಡಿನಲ್ಲಿ.
ಏಳು ಮಗ್ಗ, ಐದು ಜನ.
ಐದು ಮನೆಗೆ ಸೇರಿ ಮೇಜು ಎರಡು,
ಒಂದರ ಮೇಲೆ ಟೀವಿ, ಇನ್ನೊಂದರ ಮೇಲೆ
ಲಿಂಗಪ್ಪಣ್ಣನ ಮೊಮ್ಮಗನ ಮುರಿದ ಕೀಬೋರ್ಡು.
ಉಣ್ಣುವುದು ನೆಲದಲ್ಲಿ.
ಸೀರೆ ನೇಯ್ದ ಕೈ ಈಗ ಯಾರದೋ ಬಟ್ಟಲ ಕೆಳಗೆ ಹಾಸುವುದನ್ನು ನೇಯುತ್ತದೆ.
"ಸಾರು ಚೆಲ್ಲಿದರೆ?" ಲಿಂಗಪ್ಪಣ್ಣನಿಗೆ ಅದೇ ಚಿಂತೆ.
"ಅವರು ಸಾರು ಉಣ್ಣುವುದಿಲ್ಲ ಮಾರಾಯ್ರೆ."
"ಏನಾದರೂ ಚೆಲ್ಲದೆ ಇರ್ತದಾ?"

ಗುರುವಾರ ಮಧ್ಯಾಹ್ನ ಮೂರೂವರೆಗೆ ವೀಡಿಯೊ ಕಾಲ್.
ಫೋನನ್ನು ಕಂಡಿಕೆಯ ಬುಟ್ಟಿಗೆ ಒರಗಿಸಿಟ್ಟೆ.
ಅಷ್ಟು ದೊಡ್ಡ ಕಟ್ಟಡ, ಮಾಡು ಕಾಣುವುದಿಲ್ಲ,
ಜನ ನಡೆಯುತ್ತಲೇ ಮುಟ್ಟುತ್ತಾರೆ, ಮುಟ್ಟಿದ್ದು ಮರೆತು ನಡೆಯುತ್ತಾರೆ.
ನಮ್ಮ ಬಟ್ಟೆ ಬಿಳಿ ಗೋಡೆಗೆ ಆತುಕೊಂಡು
ಹೊಸ ಶಾಲೆಗೆ ಸೇರಿದ ಹುಡುಗಿಯ ಹಾಗೆ ನಿಂತಿತ್ತು.
"ಇಸ್ತ್ರಿ ಸರಿಯಿಲ್ಲ" ಎಂದಳು ಜಲಜಕ್ಕ. ಅಷ್ಟೆ.

ಕನ್ನಡಕ ತಲೆಗೇರಿಸಿಕೊಂಡ ಹೆಂಗಸೊಬ್ಬಳು ಬಂದಳು.
ಅಂಚು ಮಗುಚಿ ಬಟ್ಟೆಯ ಬೆನ್ನು ನೋಡಿದಳು
(ಬೆನ್ನು ನೋಡುವವರಿಗೆ ಬಟ್ಟೆ ಗೊತ್ತು),
ಕಣ್ಣು ಮುಚ್ಚಿ ಬೆರಳು ಓಡಿಸಿದಳು.
ಬೆರಳು ಒಂದು ಕಡೆ ನಿಂತಿತು.
ಮೆಲಿಟಾ ಫೋನು ಹತ್ತಿರ ಹಿಡಿದಳು:
ಅಡ್ಡಕ್ಕೆ, ಅಂಚಿನಿಂದ ಅಂಚಿಗೆ,
ಕೂದಲೆಳೆಯಷ್ಟು ದಟ್ಟ ಒಂದು ಗೆರೆ.
ನನ್ನ ಎದೆ ಧಸಕ್ಕೆಂದಿತು.
ನನ್ನದೇ ಅಕ್ಷರದಲ್ಲಿತ್ತು ಪಟ್ಟಿಯಲ್ಲಿ, ದೋಷ: ಇಲ್ಲ.

ಜಲಜಕ್ಕ ಗುಂಡಿಯಿಂದಲೇ ಕತ್ತು ಚಾಚಿ
"ಅದು ಬಂಗುಡೆ" ಎಂದಳು.
"ಬಣ್ಣ ಅಲ್ಲ, ಆ ಗೆರೆ.
ಮೀನಿನ ಟೆಂಪೊ ಹಾರ್ನ್ ಹಾಕಿತು, ಎದ್ದೆ.
ತಿರುಗಿ ಕೂತಾಗ ಕೈಯ ತೂಕ ಬೇರೆ."
ಮೆಲಿಟಾ ಅದನ್ನು ಹೇಗೆ ಹೇಳಿದಳೋ,
ಆ ಹೆಂಗಸು ಬಹಳ ಹೊತ್ತು ನಕ್ಕಳು, ಕಾರ್ಡು ಕೊಟ್ಟಳು.

ಸೋಮವಾರ ಪತ್ರ.
ಆರುನೂರು ಮೇಜುಹಾಸು, ಸೆಪ್ಟೆಂಬರಿನೊಳಗೆ.
ಶರತ್ತು ಒಂದೇ: ಪ್ರತಿಯೊಂದರಲ್ಲೂ ಆ ಗೆರೆ ಬೇಕು,
ಅಂಚಿನಿಂದ ನಲವತ್ತೊಂದು ಸೆಂಟಿಮೀಟರಿಗೆ.

ಓದಿದೆ. ಮಗ್ಗಗಳು ನಿಂತವು.
ಲಿಂಗಪ್ಪಣ್ಣ ಬೆರಳು ಮಡಚಿದರು:
ಆರುನೂರು ಭಾಗ ಐದು, ತಮ್ಮ ಮೊಣಕಾಲು,
ಆಟಿಯ ಮಳೆ, ಗಂಜಿ ಹಾಕಿದರೆ ಒಣಗದ ನೂಲು.
ಬೆರಳು ಸಾಲದೆ ಬಿಟ್ಟರು.
ದುಡ್ಡು ಬೇಕು. ಬೇಡವೆಂದು ಯಾರೂ ಅನ್ನಲಿಲ್ಲ.
ಜಲಜಕ್ಕ ಲಾಳಿಯ ಮೂತಿಗೆ ಉಗುರು ಸವರುತ್ತ
"ಎದ್ದು ಹೋಗದೆ, ಎದ್ದು ಹೋದ ಹಾಗೆ ನೇಯುವುದು
ನನಗೆ ಬರುವುದಿಲ್ಲ. ನೀನೇ ಬರಿ ಏನಾದರೂ."

ಬರೆಯಲು ಕೂತೆ. ಮಾನ್ಯರೇ.
ಮುಂದೆ ಹೋಗಲಿಲ್ಲ. ಹೊರಗೆ ಪಾಂಪ್ ಪಾಂಪ್.
ಎದ್ದು ಹೋಗಿ ಬಂದೆ, ಬೂತಾಯಿ, ನೂರಕ್ಕೆ ಇಪ್ಪತ್ತು.
ಸೋಪು ಹಾಕಿದರೂ ವಾಸನೆ ಬಿಡದ ಬೆರಳಲ್ಲಿ ಒತ್ತಿದೆ:
ಗೆರೆ ಇರುತ್ತದೆ. ಎಲ್ಲಿ ಎಂದು ಹೇಳಲಾಗದು.
ಜೂನ್ ಜುಲೈಯಲ್ಲಿ ನಮ್ಮ ಬೋಟುಗಳು ಕಡಲಿಗಿಳಿಯುವುದಿಲ್ಲ.
ಆ ಎರಡು ತಿಂಗಳ ಬಟ್ಟೆ
ಪೂರ್ತಿ ನುಣ್ಣಗೆ ಬಂದರೆ
ದಯವಿಟ್ಟು ದೋಷವೆಂದು ತಿಳಿಯಬಾರದು.