ಎರಡನೇ ಗೇಟಿನಲ್ಲಿ ಜಡ್ತಿ

ಸಂಜೆ ಆರಕ್ಕೆ ಸೈರನ್ನು.
ಸಾಲು ನನ್ನೆದುರು ಬಂದು ನಿಲ್ಲುತ್ತದೆ
ಕೈ ಮೇಲೆತ್ತಿ, ಕಾಲು ಅಗಲಿಸಿ.
ದಿನಕ್ಕೆ ಒಂಬೈನೂರು ಮೈ ತಡವುವ ಕೆಲಸ ನನ್ನದು.
ಇಷ್ಟು ಮೈ ಸೂಲಗಿತ್ತಿಯೂ ಮುಟ್ಟಿರಲಾರಳು,
ಹೆಣ ತೊಳೆಯುವವಳೂ.

ಆಥಿ ನದಿಯ ಈ ಬಯಲಲ್ಲಿ
ಬೇಲಿಯೊಳಗೆ ಇರುವುದು ಕೀನ್ಯಾ ಅಲ್ಲವಂತೆ.
ಕೆಲಸಕ್ಕೆ ಸೇರಿದ ದಿನ ಸುಂಕದ ಸಾಹೇಬ ಬಿಡಿಸಿ ಹೇಳಿದ:
ಒಳಗೆ ನೂಲಿಗೆ ತೆರಿಗೆಯಿಲ್ಲ, ಗುಂಡಿಗೆ ತೆರಿಗೆಯಿಲ್ಲ,
ಹತ್ತು ವರ್ಷ ಲಾಭಕ್ಕೂ ಇಲ್ಲ.
ಗೇಣು ಬಟ್ಟೆ ಈ ಗೇಟು ದಾಟಿತೋ
ಅದು ಆಮದು.
ದಾಟಿಸಿದವಳು ಕಳ್ಳಿ.
ತಿಳಿಯಿತೇ ನೈಸುಲಾ?
ತಿಳಿಯಿತು ಸರ್, ಅಂದೆ.
ಅಪ್ಪ ಇದೇ ನೆಲದ ಮೇಲೆ
ನಲವತ್ತು ದನ ಹೊಡೆದುಕೊಂಡು ಹೋಗುತ್ತಿದ್ದ.
ಯಾವ ದೇಶದಿಂದ ಯಾವ ದೇಶಕ್ಕೆ ಎಂದು
ಅವನೂ ಕೇಳಲಿಲ್ಲ, ದನಗಳೂ ಕೇಳಲಿಲ್ಲ.

ಕಣ್ಣಿಗಿಂತ ಕೈಗೆ ಬೇಗ ತಿಳಿಯುತ್ತದೆ.
ಕಾಲರ್ ಕೂರಿಸುವವಳಿಗೆ ಎಡ ಹೆಗಲಲ್ಲಿ ಗಂಟು.
ಇಸ್ತ್ರಿಯವಳ ಮೊಣಕೈಗೆ ಸುಟ್ಟ ಗಾಯದ ಬಳೆ.
ಸ್ಯೋಂಬುವಾಳ ತೋರುಬೆರಳಲ್ಲಿ
ಸೂಜಿ ಹೋಗಿ ಬಂದ ದಾರಿ.
ಬಸುರೂ ಮೊದಲು ನನಗೇ ತಿಳಿಯುವುದು,
ಎಷ್ಟೋ ಸಲ ಗಂಡನಿಗಿಂತ ಮೊದಲು.
ನೆಕೆಸಾಳ ಹೊಟ್ಟೆಯ ಮೇಲೆ
ಅಂಗೈ ಒಂದು ಗಳಿಗೆ ತಡೆಯಿತು.
ಅವಳು ನನ್ನನ್ನೇ ನೋಡಿದಳು.
ಮೂರು ತಿಂಗಳ ಕರಾರು, ಮುಗಿಯಲು ಇನ್ನೂ ಐದು ವಾರ.
ಗೊತ್ತಾದರೆ ಆರನೆಯದಿಲ್ಲ.
ಮುಂದೆ ಹೋಗು, ಎಂದೆ.
ನಾನು ದಾಟಿಸಿದ ಮೊದಲ ಕಳ್ಳಮಾಲು ಅದು.

ಆಮೇಲೆ ಅದೇ ಚಾಳಿಯಾಯಿತು.
ನೋಡುತ್ತ ಹೋದರೆ ಎಲ್ಲರೂ
ಏನನ್ನೋ ಸಾಗಿಸುತ್ತಲೇ ಇದ್ದರು:
ಜಡೆಯಲ್ಲಿ ಹತ್ತಿಯ ಧೂಳು, ಎದೆಯೊಳಗೂ ಅದೇ ಧೂಳು,
ಕಿವಿಯಲ್ಲಿ ಮಷೀನಿನ ಗರಗರ
(ಅದು ರಾತ್ರಿ ಹಾಸಿಗೆಗೂ ಬರುತ್ತದೆ ಕಣೇ,
ಗಂಡನಿಗೆ ಜಾಗವಿಲ್ಲ, ಎಂದು ನಗುತ್ತಿದ್ದಳು ಅವೂರ್).
ಇದಕ್ಕೆಲ್ಲ ಎಷ್ಟು ಸುಂಕವೆಂದು
ಸಾಹೇಬನ ಪುಸ್ತಕದಲ್ಲಿ ಇರಲಿಲ್ಲ.

ಸ್ಯೋಂಬುವಾಳ ಮಗ ಕ್ಯಾಲೊ, ಐದರ ಪೋರ,
ಗೇಟಿನಾಚೆ ಕಾದಿದ್ದು ಅವಳ ಸ್ವೆಟರಿನಿಂದ
ದಾರದ ಚೂರು ಹೆಕ್ಕುತ್ತಿದ್ದ
ಕೋತಿ ಹೇನು ಹೆಕ್ಕುವ ಹಾಗೆ.
ಹೆಕ್ಕಿ ಸುತ್ತಿ ಸುತ್ತಿ
ನಿಂಬೆಯಷ್ಟಿದ್ದ ಉಂಡೆ ಕಿತ್ತಳೆಯಷ್ಟಾಯಿತು.
ಒಳಗಡೆ ಜೀನ್ಸಿನ ನೀಲಿ,
ಮೇಲೆ ಯಾರದೋ ಹಬ್ಬದ ಕೆಂಪು,
ಅದರ ಮೇಲೆ ಆಸ್ಪತ್ರೆಯ ಹಸಿರು.
ನಿಯಮದ ಪ್ರಕಾರ ಅದೂ ಆಮದೇ.
ನಾನು ಆಕಾಶ ನೋಡಿದೆ.

ಒಂದು ಸೋಮವಾರ ಗೇಟಿಗೆ ಸರಪಳಿ,
ಸರಪಳಿಗೆ ಒಂದು ಕಾಗದ.
ರಾತ್ರಿ ಪಾಳಿಯ ಮುದುಕ ಹೇಳಿದ:
ಹದಿನಾಲ್ಕು ಕಂಟೇನರು, ಮಷೀನು ಸಮೇತ,
ಎಲ್ಲಿಗೋ, ಇನ್ನೂ ಅಗ್ಗದ ಬೆರಳುಗಳ ಕಡೆಗೆ.
ಕಾಗದಪತ್ರ ಎಲ್ಲಾ ಸರಿ ಇತ್ತಮ್ಮ.
ಕಂಟೇನರುಗಳು ಕೈ ಮೇಲೆತ್ತಬೇಕಿಲ್ಲ.

ಹೆಂಗಸರು ರೂಢಿಯಂತೆ ಸಾಲಾಗಿಯೇ ನಿಂತರು.
ಕೂಗಿದರು, ಬೈದರು, ಕುಳಿತರು,
ಮಧ್ಯಾಹ್ನ ಬೇಯಿಸಿದ ಜೋಳದ ತೆನೆ ಹಂಚಿಕೊಂಡರು.
ಕ್ಯಾಲೊ ಒದ್ದ ಉಂಡೆ
ಬೇಲಿಯಡಿ ನುಸುಳಿ ಒಳಗೆ ಹೋಯಿತು,
ಸುಂಕವಿಲ್ಲದೆ, ರಫ್ತಾಗಿ.
ತಂತಿಯೊಳಗೆ ತೋಳು ತೂರಿಸಿದ. ಎಟುಕಲಿಲ್ಲ.

ಚಿಕ್ಕ ಗೇಟಿನ ಕೀಲಿಕೈ
ಇನ್ನೂ ನನ್ನ ಸೊಂಟದಲ್ಲೇ ಇತ್ತು.
ಯಾರೂ ವಾಪಸು ಕೇಳಿರಲಿಲ್ಲ.
ಹೋಗಿ ಹೆಕ್ಕಿಕೊಂಡು ಬಂದೆ.
ಹೊರಗೆ ಬರುವಾಗ
ಕಾಲು ತಾನೇ ನಿಂತಿತು, ಕೈ ತಾನೇ ಮೇಲೆದ್ದಿತು.
ಸ್ಯೋಂಬುವಾ ಎದ್ದು ಬಂದಳು,
ಹೆಗಲು, ಕಂಕುಳು, ಬೆನ್ನು, ಸೊಂಟ
ನಾನು ಮಾಡುವ ಹಾಗೆಯೇ, ಅವಸರವಿಲ್ಲದೆ ತಡವಿದಳು,
ಖಾಲಿ ಜೇಬಿನ ಹತ್ತಿರ ತಡೆದು ಕೇಳಿದಳು:
ನಿನಗೂ ಎರಡು ತಿಂಗಳದ್ದು ಬಾಕಿಯೇ?