ಗಲಗಲ

ಹಂಪು ಬಂದಾಗಲೆಲ್ಲ ಬ್ಯಾಗಿನೊಳಗೆ ಚೆಂಡು ಗಲಗಲ.
“ಏನ್ರೀ ಅದು, ಮಗೂಗೆ ಗಿಲಕಿನಾ?” ಕಂಡಕ್ಟರು ಕೇಳಿದ.
ಕ್ರಿಕೆಟ್ ಚೆಂಡು ಎಂದೆ,
ಒಳಗೆ ಗುಂಡು ಹಾಕಿದ್ದು, ಕೇಳಿಸಿಕೊಂಡು ಆಡುವುದು.
“ಯಾವ ಟೀಮು?”
ಇಂಡಿಯಾ. ನಾನೇ ಕ್ಯಾಪ್ಟನ್ನು.
“ಆಯ್ತಾಯ್ತು, ಪಾಸ್ ತೋರ್ಸಿ.”

ಪಾಸಿನಲ್ಲಿ ನೂರು ಎಂದಿದೆಯಂತೆ,
ಶೇಕಡಾ ನೂರು ಅಂಧ.
ಯಾವ ಅಂಪೈರೂ ತಕರಾರು ತೆಗೆಯದ
ನನ್ನ ಒಂದೇ ಒಂದು ಶತಕ.

ಹೋದ ವರ್ಷ ಕಪ್ಪು ಗೆದ್ದು ಇಳಿದಾಗ
ವಿಮಾನ ನಿಲ್ದಾಣದ ಹೊರಗೆ ಡೊಳ್ಳು.
ಸೇವಂತಿಗೆ ಹಾರ ಒಂದರ ಮೇಲೊಂದು ಬಿದ್ದು
ಗಲ್ಲದವರೆಗೆ ತಣ್ಣಗೆ ಏರಿತು, ಒಂದರಲ್ಲಿ ಇರುವೆ.
ಮಂತ್ರಿಗಳ ಕೈ ಮೆತ್ತಗಿತ್ತು, ಮಾತು ಅದಕ್ಕಿಂತ.
ಎಲ್ಲರಿಗೂ ಸೈಟು ಅಂದರು.
“ಯಾವ ಸೈಟು, ಕಣ್ಣಿಂದಾ ಮಣ್ಣಿಂದಾ?”
ಜವರಪ್ಪ ಪಿಸುಗುಟ್ಟಿದ,
ಹಾರದೊಳಗೆ ಬಾಯಿ ಹುದುಗಿಸಿ ನಕ್ಕೆವು.

ಆ ಜವರಪ್ಪನನ್ನೇ ಈ ಸಲ ಬಿಟ್ಟೆ.
ಅವನ ಬಲಮಂಡಿ ಮಡಿಸುವಾಗ
ಒಣಕಡ್ಡಿ ಮುರಿದ ಸದ್ದು. ಬೇರೆ ಯಾರಿಗೂ ಕೇಳಿಸಿರಲಿಲ್ಲ.
ಫೈನಲ್ಲಿನ ಹಿಂದಿನ ರಾತ್ರಿ, ಬ್ರೈಲ್ ಪಟ್ಟಿಯ ಮೇಲೆ
ಅವನ ಹೆಸರಿನ ಚುಕ್ಕಿಗಳನ್ನು
ಉಗುರಿನಿಂದ ಒತ್ತಿ ಒತ್ತಿ ಮಟ್ಟ ಮಾಡಿದೆ.
ಮತ್ತೆ ಬೆರಳಾಡಿಸಿದರೆ
ಇನ್ನೂ ಚೂರು ಉಬ್ಬಿಕೊಂಡೇ ಇತ್ತು.

ಬೆಳಿಗ್ಗೆ ಟಾಸು. ನಾಣ್ಯ ಟಿಣ್ಣೆಂದು ಬಿತ್ತು.
ಏನು ಬಿತ್ತು ಎಂದು ಇಬ್ಬರು ನಾಯಕರೂ ಒಟ್ಟಿಗೇ ಕೇಳಿ
ಒಟ್ಟಿಗೇ ನಕ್ಕೆವು.
ರೆಫರಿ ಹೇಳಿದ್ದನ್ನು ನಂಬಿ ಕೈ ಕುಲುಕಿದೆವು.
ಇಷ್ಟು ನಂಬಿಕೆಯ ಟಾಸನ್ನು ನೀವೆಲ್ಲಿ ನೋಡಿದ್ದೀರಿ?

ಕಬ್ಬನ್ ಪಾರ್ಕಿನ ಪಕ್ಕದ ದೊಡ್ಡ ಮೈದಾನ.
ಜನ ಬಂದಿದ್ದರು, ಇಷ್ಟು ಜನ ಎಂದೂ ಬಂದಿರಲಿಲ್ಲ.
ಅವರು ಚಪ್ಪಾಳೆ ತಟ್ಟಿದರೆ ನಮಗೆ ಕತ್ತಲೆ.
ಪ್ರತಿ ಎಸೆತಕ್ಕೂ ಕೈ ಎತ್ತಿ ಮೌನ ಬೇಡಬೇಕು,
ಊರಿಗೆ ಊರೇ ಉಸಿರು ಕಟ್ಟಿಕೊಂಡು ಕೊಡಬೇಕು.
ಕೊಟ್ಟರು.
ಅಂಥ ಎತ್ತರದಲ್ಲಿ ನಾನು ಎಂದೂ ನಿಂತಿದ್ದಿಲ್ಲ.

ನನ್ನ ಫೀಲ್ಡನ್ನು ನಾನು ಕಟ್ಟುವುದು ಹೆಸರುಗಳಿಂದ.
ಕೂಗಿದರೆ ಓಗೊಡುತ್ತಾರೆ,
ಆ ಓ ಎಷ್ಟು ದೂರವೋ ಅವನು ಅಷ್ಟು ದೂರ.
ಕೊನೆಯ ಓವರು, ಗಂಟಲು ಒಣಗಿತ್ತು,
“ಜವರಪ್ಪಾ, ಎರಡು ಹೆಜ್ಜೆ ಒಳಗೆ!” ಎಂದುಬಿಟ್ಟೆ.
ಎಂಟು ವರ್ಷದ ರೂಢಿ.
“ಓ…”
ಬಂತು, ಗ್ಯಾಲರಿಯ ಮೇಲಿನಿಂದ.
ಅವನ ಜಾಗದಲ್ಲಿದ್ದ ಹುಡುಗ ಯಮನೂರ
ಪಾಪ, ತನಗೇ ಇರಬೇಕೆಂದು ಎರಡು ಹೆಜ್ಜೆ ಒಳಬಂದ.
ಅವನ ಬೂಟು ಹುಲ್ಲು ತುಳಿದದ್ದು ಕೇಳಿತು.
ಹಿಂದಕ್ಕೆ ಹೋಗು ಎನ್ನಬೇಕಿತ್ತು.
ನಾಯಕನಿಗೆ ನಾಚಿಕೆಯೂ ಆಗುತ್ತದೆ.

ಒಂದು ಚೆಂಡು, ಅವರಿಗೆ ಮೂರು ರನ್ನು.
ಮೆಟ್ರೊ ಬಂತು. ಅದು ದಾಟಿಹೋಗುವ ತನಕ ಆಟ ನಿಲ್ಲಿಸಿದೆ.
ಅದು ದೂರವಾಗುತ್ತ ದೂರವಾಗುತ್ತ
ಟ್ರಿನಿಟಿಯ ಕಡೆ ಕರಗಿತು.
ಚೆಂಡು ನೆಲಕ್ಕಂಟಿ ಗಲಗುಟ್ಟುತ್ತ ಯಮನೂರನ ಕಡೆ.
ಅವನು ಹಾರಿದನಂತೆ. ಹಿಡಿದೇಬಿಟ್ಟ ಎಂದುಕೊಂಡು
ಇಡೀ ಮೈದಾನ ಸಂತೋಷಕ್ಕೆ ಕಿರುಚಿತು.
ಆ ಸಂತೋಷದ ಕೆಳಗೆ ಚೆಂಡು ಹೂತುಹೋಯಿತು.
ಕೈಗೂ ಅದಕ್ಕೂ ನಡುವೆ ಒಂದು ಗೇಣಂತೆ.
ಅವನಿನ್ನೂ ಹುಲ್ಲು ತಡವುತ್ತಿದ್ದ,
ಅವರು ಕುಣಿಯುತ್ತಿದ್ದರು.

ಯಾರೂ ಬೈಯಲಿಲ್ಲ.
ಕಣ್ಣಿದ್ದವರು ಸೋತರೆ ಮನೆ ಗಾಜಿಗೆ ಕಲ್ಲು ಬೀಳುತ್ತದೆ.
ನನ್ನ ಬೆನ್ನು ಸವರಿದರು,
“ಪಾಪ, ಆಡಿದ್ದೇ ದೊಡ್ಡದು” ಅಂದರು.
ಸಾವಿರ ಜನ, ಒಂದೇ ಪಾಪ.
ಈ ಊರು ನನಗೊಂದು ಬೈಗುಳ ಬಾಕಿ ಇಟ್ಟಿದೆ.

ಸೌತ್ ಎಂಡ್ ತಿರುವಿನಲ್ಲಿ ಫೋನು ಹೊಡೆದುಕೊಂಡಿತು.
“ಲೋ, ಬುದ್ಧಿ ಇಲ್ವೇನೋ ನಿನಗೆ?
ಬೌಂಡ್ರಿ ಖಾಲಿ ಬಿಟ್ಕೊಂಡು
ಆ ಮಗೂನ ಯಾಕೋ ಒಳಗೆ ಕರೆದೆ?
ಕ್ಯಾಪ್ಟನ್ನಂತೆ ಕ್ಯಾಪ್ಟನ್ನು!
ನನ್ನ ಮಂಡಿ ಮುರಿದಿದ್ರೂ ಆ ಚೆಂಡಿಗೆ ಅಡ್ಡ ಬಿದ್ದಿರ್ತಿದ್ದೆ.”
ಇನ್ನೂ ಏನೇನೋ, ಬರೆಯುವಂಥದ್ದಲ್ಲ.

“ಸಾರ್, ನಿಮ್ ಸ್ಟಾಪು” ಎಂದ ಕಂಡಕ್ಟರು.
ಇಳಿಯಲಿಲ್ಲ.
ಅವನು ಬೈದು ಮುಗಿಸಿರಲಿಲ್ಲ.
ಬನಶಂಕರಿಯವರೆಗೆ ಹಂಪುಗಳು ಸಾಕಷ್ಟಿದ್ದವು.